ಭಾಲ್ಕಿಯಿಂದ ಬಂದ ಕುಬಸ

ನಮ್ಮ ಅಜ್ಜಿಯ ಕಥೆಗಳಲ್ಲಿ ಒಂದೇ ಒಂದು ಮಗುವೂ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ್ದಿಲ್ಲ. ಒಂದು ಮಾವಿನಹಣ್ಣಿನೊಳಗಿಂದ ಬಂತು, ಇನ್ನೊಂದು ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯಿಂದ. ಒಬ್ಬ ರಾಣಿ ಕುಂಬಳಕಾಯಿ ಹೆಚ್ಚಲು ಕೂತಾಗ ಒಳಗಿಂದ ಹೆಣ್ಣುಕೂಸೊಂದು, "ಸಾವಕಾಶ ಹೆಚ್ಚವ್ವಾ, ಇಲ್ಲಿ ನನ್ನ ಜಡಿ ಅದ" ಅಂದಿತಂತೆ. ಆ ಕಥೆ ಕೇಳಿದ ಮೇಲೆ ಎಷ್ಟೋ ದಿನ ನಾನು ಕುಂಬಳಕಾಯಿ ಪಲ್ಯ ತಿನ್ನುವ ಮೊದಲು ತಟ್ಟೆಗೆ ಕಿವಿ ಹಚ್ಚಿ ನೋಡುತ್ತಿದ್ದೆ.

ಇಂಥ ಅಜ್ಜಿ ಇರುವ ಮನೆಗೆ ಮಗುವನ್ನು ದತ್ತು ತರುವುದು ಎಷ್ಟು ಸಲೀಸು ಅಂದುಕೊಂಡಿದ್ದೆ ನಾನು.

೨೦೧೦ರ ಮಾತು. ಬಿ.ಎ. ಓದಲು ಬೀದರದಿಂದ ನಾಸಿಕಕ್ಕೆ ಬಂದು ಅಪ್ಪನ ತಮ್ಮ ಗುರುಸಿದ್ದಪ್ಪ ಕಾಕಾನ ಮನೆಯಲ್ಲಿದ್ದೆ. ಕಾಕಾ ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ರೆಕ್ಕೆಯ ಬೋಲ್ಟುಗಳು ಬಿಗಿಯಾಗಿವೆಯೋ ಇಲ್ಲವೋ ನೋಡುವುದು ಅವನ ಕೆಲಸ. ಅದೇ ಚಟಕ್ಕೆ ಮನೆಯ ನಲ್ಲಿಗಳನ್ನೂ ಎಷ್ಟು ಬಿಗಿಯುತ್ತಿದ್ದನೆಂದರೆ, ನೀರು ಬೇಕಾದಾಗ ಅವನನ್ನೇ ಕರೆಯಬೇಕಿತ್ತು. ಅವನ ಹೆಂಡತಿ ವನಜಾ ಕಾಕು, ನಾವಿದ್ದ ಕಾರ್ಖಾನೆಯ ಟೌನ್‌ಶಿಪ್ಪಿನ ಬಾಲವಾಡಿಯಲ್ಲಿ ಟೀಚರ್. ಮದುವೆಯಾಗಿ ಬಹಳ ವರ್ಷವಾಗಿತ್ತು. ಡಾಕ್ಟರು, ಪಥ್ಯ, ಹರಕೆ ಎಲ್ಲ ಮುಗಿದ ಮೇಲೆ ಒಂದು ಸಂಜೆ ಇಬ್ಬರೂ ಚಹಾ ಕುಡಿಯುತ್ತ, "ಔರಂಗಾಬಾದದ ಒಂದು ಸಂಸ್ಥಾದಾಗ ಹೆಸರು ಹಚ್ಚಿ ಬಂದೀವಿ. ಹೆಣ್ಣು ಕೂಸು ಕೇಳೀವಿ" ಅಂದರು. ಈಗ ಆ ಊರು ಛತ್ರಪತಿ ಸಂಭಾಜಿನಗರ. ಆಗ ಎಲ್ಲರ ಬಾಯಲ್ಲೂ ಔರಂಗಾಬಾದ.

ಅಜ್ಜಿ ಚಹಾದ ಬಸಿಯನ್ನು ನೆಲಕ್ಕಿಟ್ಟಳು. ಆಮೇಲೆ, "ತರ್ರಿ. ನಾ ಏನು ಬ್ಯಾಡ ಅನ್ನಂಗಿಲ್ಲ. ಆದ್ರ ಭಾಲ್ಕಿಗಿ ಏನಂತ ಹೇಳೂದು?" ಅಂದಳು.

ಭಾಲ್ಕಿ ಅಂದರೆ ನಮ್ಮ ಮನೆಯಲ್ಲಿ ಊರಿನ ಹೆಸರಲ್ಲ, ಚನಬಸವ್ವ ಅಂತ ಅರ್ಥ. ಅಜ್ಜಿಯ ಹಿರಿ ನೆಗೆಣ್ಣಿ, ನನಗೆ ದೊಡ್ಡಜ್ಜಿ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು. ಯಾರ ರೊಟ್ಟಿ ದುಂಡಗೆ, ಯಾರ ಮಗ ಮೊದಲು ನಡೆದ, ಯಾರ ಮೊಣಕಾಲು ಹೆಚ್ಚು ನೋಯುತ್ತದೆ, ಎಲ್ಲದರಲ್ಲೂ ಪೈಪೋಟಿ. ಫೋನ್ ಮಾಡಿದಾಗಲೆಲ್ಲ ಮಳೆ, ಬೆಳೆ, ಬಿ.ಪಿ. ಎಲ್ಲ ವಿಚಾರಿಸಿ, ಕೊನೆಗೆ "ಮತ್ತ, ವನಜಾಂದು ಏನರ ಸುದ್ದಿ?" ಅಂತ ಕೇಳದೆ ದೊಡ್ಡಜ್ಜಿ ಫೋನ್ ಇಟ್ಟವಳಲ್ಲ. ಆ ಪ್ರಶ್ನೆ ಬರುವ ಹೊತ್ತಿಗೆ ಕಾಕು ಅಡುಗೆಮನೆಯಲ್ಲಿ ಸುಮ್ಮನೆ ಮಿಕ್ಸರ್ ಹಚ್ಚುತ್ತಿದ್ದಳು. ಒಳಗೆ ಏನೂ ಇಲ್ಲದಿದ್ದರೂ ಸರಿ.

ಮಗು ಕೊಡುವ ಮುಂಚೆ ಸಂಸ್ಥೆಯವರು ಮನೆಮಂದಿಯನ್ನೆಲ್ಲ ಕರೆದು ಒಂದು ದಿನ ತಿಳಿವಳಿಕೆ ಹೇಳುವ ಪದ್ಧತಿ ಇತ್ತು. ಅಜ್ಜಿ ಮೊಣಕಾಲು ತೋರಿಸಿ ಮನೆಯಲ್ಲೇ ಉಳಿದಳು. ಅವಳ ಬದಲು ನಾನು ಹೋದೆ.

ಅಲ್ಲಿ ಮೃದುಲಾ ಮೇಡಂ ಇದ್ದರು. ಸಂಸ್ಥೆಯ ಸಮಾಜ ಕಾರ್ಯಕರ್ತೆ. ಮನೆಗಳನ್ನು ನೋಡಿ, ಇಲ್ಲಿಗೆ ಮಗು ಕೊಡಬಹುದು, ಇಲ್ಲಿಗೆ ಬೇಡ ಅಂತ ಹೇಳುವವರು ಅವರೇ. ಗಿಡ್ಡ ಮೈ, ದಪ್ಪ ಕನ್ನಡಕ, ಅಡ್ಡಾದಿಡ್ಡಿ ಮಾತಿಲ್ಲದ ಮರಾಠಿ; ಕನ್ನಡ ಆಡಲು ಬರದಿದ್ದರೂ ತಿಳಿಯುತ್ತಿತ್ತು. ಮೊದಲು ಗಂಡಸರ ಕೈಗೆಲ್ಲ ಒಂದೊಂದು ರಬ್ಬರ್ ಗೊಂಬೆ ಕೊಟ್ಟು ಲಂಗೋಟಿ ಕಟ್ಟಿ ಅಂದರು. ಕಾಕಾ ಹಣೆ ಗಂಟಿಕ್ಕಿ, ನಾಲಿಗೆ ಕಚ್ಚಿಕೊಂಡು ಕಟ್ಟಿದ. ಮೇಡಂ ಗೊಂಬೆಯನ್ನು ಎತ್ತಿ ನೋಡಿದರು. ಅದರ ಹೊಟ್ಟೆ ಎರಡು ಭಾಗವಾಗಿತ್ತು.

"ಎಲ್ಲಿ ಕೆಲಸ ನಿಮ್ಮದು?"

"ವಿಮಾನದ ಕಾರ್ಖಾನೆಯಲ್ಲಿ."

"ಅದಕ್ಕೇ. ಗುರುಸಿದ್ದಪ್ಪರಾವ್, ಇದು ಹಾರಿಹೋಗುವುದಿಲ್ಲ. ಸ್ವಲ್ಪ ಉಸಿರಾಡಲು ಬಿಡಿ."

ಇಡೀ ಕೋಣೆ ನಕ್ಕಿತು. ಕಾಕಾ ಕೂಡ ನಕ್ಕು, ಗೊಂಬೆಯ ತಲೆ ಸವರಿ, "ಸಾರಿ" ಅಂದ.

ಊಟವಾದ ಮೇಲೆ ಮಾತು ಗಂಭೀರವಾಯಿತು. ಮಗುವಿಗೆ ದತ್ತು ಅಂತ ಯಾವಾಗ ಹೇಳಬೇಕು ಅಂತ ಯಾರೋ ಕೇಳಿದರು. ಹದಿನೆಂಟು ತುಂಬಿದ ಮೇಲೆ ಅಂದರು ಒಬ್ಬರು. ಮೃದುಲಾ ಮೇಡಂ ತಲೆ ಅಲ್ಲಾಡಿಸಿದರು. "ಹದಿನೆಂಟಕ್ಕೆ ಹೇಳಿದರೆ ಅದು ಸಿಡಿಲು. ಎರಡು ವರ್ಷಕ್ಕೇ ಶುರು ಮಾಡಿದರೆ ಜೋಗುಳ. ಕಥೆಯ ಹಾಗೆ ಹೇಳುತ್ತ ಬನ್ನಿ."

ಕಥೆ ಅಂದ ತಕ್ಷಣ ನನ್ನ ಕೈ ತಾನೇ ಮೇಲೆದ್ದಿತು. "ಮೇಡಂ, ಒಂದು ಸರೋವರದಲ್ಲಿ ಕಮಲದ ಹೂ ಅರಳಿತು, ಅದರೊಳಗೆ ನೀನಿದ್ದೆ ಅಂತ ಹೇಳಬಹುದಾ?"

"ಕಮಲ ಗಿಮಲ ಏನೂ ಬೇಡ ಮಗಳೇ," ಅಂದರು ಮೇಡಂ. "ನಾಳೆ ಆ ಹುಡುಗಿ ಕಂಡ ಕಂಡ ಕೆರೆಗೆ ಇಳಿದು ಅವ್ವನನ್ನು ಹುಡುಕಬೇಕೇನು? ನಿನ್ನನ್ನು ಹೆತ್ತವಳು ಬೇರೆ ಒಬ್ಬಳಿದ್ದಳು, ಆಕೆಗೆ ನಿನ್ನನ್ನು ಸಾಕಲಾಗಲಿಲ್ಲ, ನಮಗೆ ನೀನು ಬೇಕಾಗಿದ್ದೆ, ನಾವು ಬಂದು ಕರೆದುಕೊಂಡು ಹೋದೆವು. ಇದೇ ಕಥೆ. ಇದರಲ್ಲಿ ರಾಕ್ಷಸನೂ ಬೇಡ, ಅಪ್ಸರೆಯೂ ಬೇಡ."

ನಾನು ಕಮಲವನ್ನು ಸರೋವರದಲ್ಲೇ ಬಿಟ್ಟು ಕೂತೆ.

"ಇನ್ನೊಂದು," ಅಂದರು ಅವರು, ಈ ಸಲ ಎಲ್ಲರ ಮುಖ ನೋಡುತ್ತ. "ನಿಮ್ಮ ಮನೆಗೆ ಬರುತ್ತೇನೆ. ಸೋಫಾ, ಫ್ರಿಜ್ ನೋಡಲು ಅಲ್ಲ. ಈ ವಿಷಯ ಮನೆಮಂದಿಗೆಲ್ಲ ಗೊತ್ತಿದೆಯೇ ಅಂತ ನೋಡಲು. ಯಾರಿಂದಲಾದರೂ ಮುಚ್ಚಿಟ್ಟಿದ್ದೀರಿ ಅಂತ ಗೊತ್ತಾದರೆ ಆ ಮನೆಗೆ ನಾನು ಮಗು ಕೊಡಿಸುವುದಿಲ್ಲ. ಗುಟ್ಟು ಕಾಯುವ ಕೆಲಸ ಕೂಸಿನ ತಲೆಗೆ ಯಾಕೆ?"

ಕಾಕು ಜೋರಾಗಿ ಹೌದೆಂದು ತಲೆ ಆಡಿಸಿದಳು. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲವಲ್ಲ.

ಕತ್ತಲಾಗುವ ಹೊತ್ತಿಗೆ ಓಝರ್ ಮುಟ್ಟಿದೆವು. ಬಾಗಿಲು ತೆರೆದೇ ಇತ್ತು. ಅಜ್ಜಿ ನಮಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೂಂ ಅಕ್ಕಾ, ಐದು ತುಂಬಿ ಆರು ಹತ್ಯಾವ... ಮೊದ್ಲೇ ಯಾಕ ಹೇಳಿಲ್ಲ ಅಂದ್ರ, ದೃಷ್ಟಿ ಆಗ್ತದಲ್ಲ... ಬಯಕಿ ಏನು ಕೇಳ್ತಿ, ಹುಣಚಿಕಾಯಿ ಬಿಟ್ರ ಬ್ಯಾರೆ ಮಾತಿಲ್ಲ. ಮೊನ್ನಿ ನಡುರಾತ್ರಿ ಎದ್ದು ಶೇಂಗಾ ಹೋಳಿಗಿ ಬೇಕಂದ್ಳು. ಗುರು ಪಾಪ ಸೈಕಲ್ ತಗೊಂಡು ಘೋಟಿತನಾ ಹೋಗಿ ತಂದ."

ಘೋಟಿ ನಮ್ಮ ಮನೆಯಿಂದ ಅರ್ಧ ದಿನದ ಸೈಕಲ್ ದಾರಿ. ಕಾಕಾಗೆ ಸೈಕಲ್ಲೇ ಇರಲಿಲ್ಲ. ಕಥೆ ಹೇಳುವವರ ಕಷ್ಟವೇ ಇದು. ಬರೀ ಒಂದು ಸುಳ್ಳು ಹೇಳಿ ನಿಲ್ಲಲು ಅವರಿಗೆ ಬರುವುದಿಲ್ಲ. ಅದಕ್ಕೆ ಹುಣಸೆಕಾಯಿ ಬೇಕು, ಸೈಕಲ್ ಬೇಕು, ನಡುರಾತ್ರಿ ಬೇಕು.

ಕಾಕು ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತಿದ್ದಳು. "ಅತ್ತಿ, ಯಾರಿಗಿ ಆರು?"

ಅಜ್ಜಿ ಫೋನ್ ಇಟ್ಟು ತಿರುಗಿದಳು. ಒಂದು ಗಳಿಗೆ ಎಲ್ಲರ ಮುಖ ನೋಡಿದಳು. "ನಿನಗ," ಅಂದಳು.

ಕಾಕು ಮೊದಲು ನಕ್ಕಳು. ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಜ್ಜಿಗೆ ಧೈರ್ಯ ಬಂತು. "ನೋಡ್ರಿ, ಇನ್ನ ಸ್ವಲ್ಪ ದಿನಕ್ಕ ಕೂಸು ಬರ್ತದ. ಹಡದಾಳ ಅಂತ ಹೇಳಿಬಿಡ್ತೀನಿ. ಭಾಲ್ಕಿಯಿಂದ ಇಷ್ಟು ದೂರ ಯಾರು ನೋಡ್ಲಕ ಬರ್ತಾರ?"

"ಅವ್ವಾ, ಮೃದುಲಾ ಮೇಡಂಗ ಗೊತ್ತಾದ್ರ ಕೂಸೇ ಕೊಡಂಗಿಲ್ಲಂತ," ಅಂದ ಕಾಕಾ.

"ಆ ಮೇಡಂ ಬಾಯಿ ಔರಂಗಾಬಾದದಾಗ, ನಮ್ಮಕ್ಕ ಭಾಲ್ಕ್ಯಾಗ. ಇಬ್ಬರದೂ ಭೆಟ್ಟಿ ಎಲ್ಲಿ ಆಗ್ತದೋ?"

ಕಾಕು ಕಣ್ಣೊರೆಸಿಕೊಂಡು, "ನಾಳೆ ಫೋನ್ ಮಾಡಿ ಖರೆ ಹೇಳ್ರಿ ಅತ್ತಿ," ಅಂದಳು.

ನಾಳೆ ಬಂತು, ಹೋಯಿತು. ಅಜ್ಜಿ ಹೇಳಲಿಲ್ಲ. ವಿಚಿತ್ರವೆಂದರೆ ಕಾಕು ಒತ್ತಾಯವನ್ನೂ ಮಾಡಲಿಲ್ಲ. ಭಾಲ್ಕಿಯ ಫೋನುಗಳ ಕೊನೆಯ ಆ ಪ್ರಶ್ನೆ ನಿಂತೇ ಹೋಗಿತ್ತು. ಈಗ ದೊಡ್ಡಜ್ಜಿ, "ವನಜಾನ ಕೈಯಾಗ ಕೊಡು" ಅಂತ ಕೇಳಿ ಮಾತಾಡುತ್ತಿದ್ದಳು. "ಉಂಡೇನವ್ವಾ? ಕಾಲಿಗಿ ಬಾವು ಬಂದಾವೇನು? ಎಡಮಗ್ಗಲಕ ಮಲ್ಕೋ." ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಗಳು. ಕಾಕು ಗೋಡೆಗೆ ಮುಖ ಮಾಡಿ, "ಹೂಂ ದೊಡ್ಡತ್ತಿ, ಇಲ್ಲ ದೊಡ್ಡತ್ತಿ" ಅನ್ನುತ್ತಿದ್ದಳು. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು. ಮಿಕ್ಸರಿನ ಸದ್ದು ಮನೆಯಲ್ಲಿ ಕಡಿಮೆಯಾಯಿತು.

ಆಮೇಲೆ ಮೃದುಲಾ ಮೇಡಂ ಫೋನ್ ಮಾಡಿ, ಬರುವ ಭಾನುವಾರ ಮನೆ ನೋಡಲು ಬರುತ್ತೇನೆ ಅಂದರು. ಅದೇ ವಾರ ದೊಡ್ಡಜ್ಜಿಯೂ ಫೋನ್ ಮಾಡಿ, ಮುಂದಿನ ತಿಂಗಳು ಏಳು ಹತ್ತಿದ ಮೇಲೆ ಕುಬಸ ಮಾಡಲು ಬರುತ್ತೇವೆ ಅಂದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ನಮ್ಮ ಕಡೆಯ ಕಾರ್ಯ. ಹಿರಿಯಳಾಗಿ ತಾನೇ ಮಾಡಬೇಕಂತೆ.

ಅಜ್ಜಿ ಜಾಣತನ ಮಾಡಿದಳು. "ಬ್ಯಾಡ ಅಕ್ಕಾ. ಡಾಕ್ಟರ್ ಮಲಗೇ ಇರ್ಬೇಕು ಅಂದಾರ. ಕಾರ್ಯ ಗೀರ್ಯ ಏನೂ ಮಾಡಬಾರ್ದಂತ."

ದೊಡ್ಡಜ್ಜಿಯ ದನಿ ರಿಸೀವರಿನಿಂದ ಹೊರಗೆ ಬಿದ್ದು ನನಗೂ ಕೇಳಿಸಿತು. "ಅಯ್ಯ ಶಿವನೇ! ಹಂಗಾದ್ರ ಮುಂದಿನ ತಿಂಗಳತನಾ ಕಾಯ್ಲಕ ನಾವೇನು ಹುಚ್ಚರಾ? ಈ ಐತವಾರನೇ ಬರ್ತೀವಿ. ನೀ ಒಬ್ಬಾಕಿ ಏನು ಮಾಡ್ತಿ ಪಾರೂ, ನಿನ್ನ ಮೊಣಕಾಲರ ನೆಟ್ಟಗ ಅವ ಏನು?"

ಬ್ಯಾಡ ಅನ್ನಲು ಕಾಕಾ ಮರುದಿನದಿಂದ ಫೋನ್ ಹಚ್ಚಿದ್ದೇ ಹಚ್ಚಿದ್ದು. ಯಾರೂ ಎತ್ತಲಿಲ್ಲ. ಮನೆಯ ಹೆಂಗಸರೆಲ್ಲ ಹಿಟ್ಟು ಬೀಸಿ ಕರಿಯುವುದರಲ್ಲಿದ್ದರು ಅಂತ ಆಮೇಲೆ ಗೊತ್ತಾಯಿತು. ಅದೇ ಭಾನುವಾರ ಬರಲಿದ್ದ ಮೇಡಂಗೆ ದಿನ ಬದಲಿಸಿ ಅಂದರೆ, "ಬೇರೆ ಮನೆಗಳೂ ಇವೆ, ನಾನಾಗಲೇ ನಾಸಿಕದಲ್ಲಿದ್ದೇನೆ. ಯಾಕೆ, ಏನಾದರೂ ತೊಂದರೆಯೇ?" ಅಂದರು. ಕಾಕಾ "ಇಲ್ಲ ಇಲ್ಲ" ಅಂದು ಫೋನ್ ಇಟ್ಟು, ಹೋಗಿ ಬಚ್ಚಲಿನ ನಲ್ಲಿ ಬಿಗಿದ.

ಭಾನುವಾರ ಬೆಳಿಗ್ಗೆ ಅಜ್ಜಿ ಸಣ್ಣ ಕೌದಿಯೊಂದನ್ನು ಮಡಚಿ ದುಂಡಗೆ ಮಾಡಿಕೊಂಡು ಕಾಕುವಿನ ಕೋಣೆಗೆ ಬಂದಳು. "ಒಂದು ತಾಸಿನ ಮಾತು. ಅವರು ಉಡಿ ತುಂಬಿ ಉಂಡು ಹೋಗ್ತಾರ. ಆ ಬಾಯಿ ಹನ್ನೊಂದಕ್ಕ ಬರ್ತಾಳ. ನಡುವ ಬಿಚ್ಚಿ ಇಟ್ಟರಾಯ್ತು."

"ಅತ್ತಿ, ನಿಮಗೇನು ತಲಿ ಕೆಟ್ಟದೇನು?"

"ಕೆಟ್ಟದ, ಖರೆ ಅದ. ಈಗ ಇದು ಕಟಗೋ."

ಕಾಕು ಕೌದಿಯನ್ನು ತಗೊಂಡು, ಬರೀ ತಮಾಷೆಗೆ ಅನ್ನುವ ಹಾಗೆ, ಸೆರಗಿನ ಕೆಳಗೆ ಹಿಡಿದು ಕನ್ನಡಿ ಮುಂದೆ ನಿಂತಳು. ನಾನು ನಗಬೇಕು ಅಂತ ಬಾಯಿ ತೆರೆದವಳು ಮುಚ್ಚಿದೆ. ಅವಳು ಕೈಯನ್ನು ಕೆಳಗಿನಿಂದ ಆಸರೆ ಕೊಟ್ಟು, ಸ್ವಲ್ಪ ಬದಿಗೆ ತಿರುಗಿ, ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಕಾಕು ಕೌದಿಯನ್ನು ಹೊರಗೆ ಎಳೆದು ಹಾಸಿಗೆಯ ಮೇಲಿಟ್ಟು, "ಬ್ಯಾಡ. ಅವರು ಬಂದ ತಕ್ಷಣ ನಾನೇ ಹೇಳ್ತೀನಿ," ಅಂದಳು.

ಹೇಳುತ್ತಿದ್ದಳು ಕೂಡ. ಆದರೆ ಹೊರಗೆ ನಿಂತ ಕ್ರೂಸರ್ ಗಾಡಿಯಿಂದ ಮೊದಲು ಇಳಿದದ್ದು ದೊಡ್ಡಜ್ಜಿಯ ದನಿ, ಮೈ ಆಮೇಲೆ. ಅವಳ ಹಿಂದೆ ಸೊಸೆ ಲತಾ, ಮತ್ತೆ ಒಂದಷ್ಟು ಹೆಂಗಸರು, ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಹೋಳಿಗೆಯ ಬುಟ್ಟಿ. ರಾತ್ರಿಯೆಲ್ಲ ಕೂತು ಬಂದವರಂತೆ ಯಾರೂ ಕಾಣಲಿಲ್ಲ. ಜಾತ್ರೆಗೆ ಹೊರಟವರ ಕಳೆ.

"ದೊಡ್ಡತ್ತಿ, ಒಂದು ಮಾತು—"

"ನಿಲ್ಲಬ್ಯಾಡ! ಕೂಡು ಮೊದ್ಲು. ಯಾಕ ಎದ್ದಿ? ಡಾಕ್ಟರ್ ಏನು ಹೇಳ್ಯಾರ?"

"ಅದಲ್ಲ ದೊಡ್ಡತ್ತಿ—"

"ಹೊಟ್ಟಿ ಕಾಣ್ಸವಲ್ದು. ಏ ಲತಾ, ನೋಡಿದೆನು? ಹೊಟ್ಟಿಗಿ ಹಾಕ್ಲತ್ತಿಲ್ಲ ಇವರು. ಪಾರೂ, ಏನು ತಿನಸ್ಲತ್ತಿ ಈ ಹುಡುಗಿಗಿ, ಬರೀ ಕಥಿ?"

ಕಾಕು ಬಾಯಿ ತೆರೆದಾಗಲೆಲ್ಲ ಯಾರಾದರೂ ಅದರೊಳಗೆ ಅಂಟಿನ ಉಂಡೆ ಇಟ್ಟರು. ನೋಡು ನೋಡುತ್ತಿದ್ದಂತೆ ಹಾಲಿನ ನಡುವೆ ಮಣೆ ಬಿತ್ತು, ಸುತ್ತ ರಂಗೋಲಿ ಬಂತು, ಕಾಕುವಿನ ಮೈಮೇಲೆ ಹಸಿರು ಇಳಕಲ್ ಸೀರೆ ಏರಿತು. ಒಂದು ಕೈಗೆ ಬಳೆ ತುಂಬಿದವು. ನಮ್ಮ ಗಾಡಿ ಹಾದಿಯಲ್ಲಿ ಪಂಕ್ಚರ್ ಆಗದಿದ್ದರೆ ಇನ್ನೂ ಮೊದಲೇ ಬರುತ್ತಿದ್ದೆವು ಅಂತ ದೊಡ್ಡಜ್ಜಿ ಹೇಳುತ್ತಿದ್ದಾಗ ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಾಗಿತ್ತು.

ಎರಡು ಮುಚ್ಚಿದ ಬಟ್ಟಲು ಮುಂದಿಟ್ಟು ಲತಾ ಚಿಗವ್ವ, "ಆರ್ಸು ವನಜಾ. ಒಂದ್ರಾಗ ಪೇಢಾ, ಒಂದ್ರಾಗ ಬರ್ಫಿ. ಪೇಢಾ ಬಂದ್ರ ಗಂಡು, ಬರ್ಫಿ ಬಂದ್ರ ಹೆಣ್ಣು," ಅಂದಳು. ಆಗಲೇ ಬಾಗಿಲಲ್ಲಿ ದಪ್ಪ ಕನ್ನಡಕ ಕಾಣಿಸಿತು.

ಮೃದುಲಾ ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದರು. ರಂಗೋಲಿ ನೋಡಿದರು, ಹಸಿರು ಸೀರೆ ನೋಡಿದರು. ನಗುತ್ತ, "ಏನು ಕಾರ್ಯಕ್ರಮ?" ಅಂದರು.

ಭಾಲ್ಕಿಯವರಿಗೆ ಮರಾಠಿಯನ್ನು ಯಾರೂ ಕಲಿಸಬೇಕಿಲ್ಲ. ದೊಡ್ಡಜ್ಜಿ ಅರಿಶಿಣದ ಕೈ ಎತ್ತಿ, "ಬನ್ನಿ ಬನ್ನಿ ಬಾಯಿ, ಒಳ್ಳೆ ಹೊತ್ತಿಗೆ ಬಂದಿರಿ. ನಮ್ಮ ಸೊಸೆಗೆ ಆರನೇ ತಿಂಗಳು ನಡೆದಿದೆ. ಉಡಿ ತುಂಬುತ್ತಿದ್ದೇವೆ. ನೀವು ಪಕ್ಕದ ಮನೆಯವರಾ?" ಅಂದಳು.

ನಗು ಮೇಡಂ ಅವರ ಮುಖದಿಂದ ಸಾವಕಾಶವಾಗಿ ಇಳಿಯಿತು. ಅವರು ಕಾಕುವಿನ ಕಡೆ ನೋಡಿದರು, ಕಾಕಾನ ಕಡೆ ನೋಡಿದರು. ಕಾಕಾ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದ.

"ಅಭಿನಂದನೆ ವನಜಾಬಾಯಿ," ಅಂದರು ಅವರು. "ಹಾಗಿದ್ದರೆ ನನ್ನ ಕೆಲಸ ಇಲ್ಲಿ ಇಲ್ಲ." ತಿರುಗಿ ಹೋಗಿ ಒಂದು ಚಪ್ಪಲಿಯಲ್ಲಿ ಕಾಲು ಹಾಕಿಯೂ ಬಿಟ್ಟರು.

ಅಜ್ಜಿ ನನ್ನ ಕೈ ಹಿಡಿದಳು.

ಕಾಕು ಮಣೆಯಿಂದ ಎದ್ದಳು. ಉಡಿಯಲ್ಲಿದ್ದ ಅಕ್ಕಿ, ಉತ್ತತ್ತಿ, ಅರಿಶಿಣದ ಕೊಂಬು ಎಲ್ಲ ನೆಲದ ಮೇಲೆ ಚೆಲ್ಲಿತು. "ನಿಲ್ಲಿ ಮೇಡಂ," ಅಂದಳು ಮರಾಠಿಯಲ್ಲಿ. ಆಮೇಲೆ ಕನ್ನಡದಲ್ಲಿ, ದೊಡ್ಡಜ್ಜಿಯ ಕಡೆ ತಿರುಗಿ, "ದೊಡ್ಡತ್ತಿ, ನನಗ ಏನೂ ಆಗಿಲ್ಲ. ಹೊಟ್ಟ್ಯಾಗ ಏನೂ ಇಲ್ಲ. ಇರೂದೂ ಇಲ್ಲ. ನಾವು ದತ್ತು ತಗೊಳ್ಳತ್ತೀವಿ. ನೀವು ಕಾಲು ಬಾವು ಬಂದಾವೇನು ಅಂತ ಕೇಳಿದಾಗ ನಾ ಇಲ್ಲ ಅಂದೆ, ಅಷ್ಟು ಮಾತ್ರ ಖರೆ."

ದೊಡ್ಡಜ್ಜಿ ಕೈಯಲ್ಲಿದ್ದ ಬಳೆಗಳನ್ನು ನೋಡಿದಳು, ಕಾಕುವನ್ನು ನೋಡಿದಳು. ಕೊನೆಗೆ, "ಮತ್ತ ಕೂಸು ಎಲ್ಲಿ ಅದ?" ಅಂದಳು.

"ಔರಂಗಾಬಾದದಾಗ."

"ಹ್ಯಾಂಗ ಬರ್ತದ?"

"ಈ ಮೇಡಂ ಹೂಂ ಅಂದ್ರ ಬರ್ತದ."

ದೊಡ್ಡಜ್ಜಿ ಬಾಗಿಲ ಕಡೆ ತಿರುಗಿದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಹಾಗೆ ನಿಂತ ಮೃದುಲಾ ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿ, "ಅಂದ್ರ ಈಕಿ ಸೂಲಗಿತ್ತಿ!" ಅಂದಳು. ಹೋಗಿ ಅವರ ರಟ್ಟೆ ಹಿಡಿದಳು. ಮರಾಠಿಗೆ ಬದಲಾಯಿಸಿ, "ಬಾಯಿ, ಸೂಲಗಿತ್ತಿಯನ್ನು ಉಪವಾಸ ಕಳಿಸುವ ಮನೆತನ ನಮ್ಮದಲ್ಲ. ಚಪ್ಪಲಿ ಬಿಡಿ," ಅಂದಳು.

"ನನ್ನನ್ನು ಬಿಡಿ ಅಜ್ಜಿ. ಸುಳ್ಳು ಹೇಳಿದ ಮನೆಯಲ್ಲಿ—"

"ಸುಳ್ಳು ಯಾರು ಹೇಳಿದ್ದು? ಈ ಹುಡುಗಿಯಾ?"

"ನಾನು," ಅಂದಳು ಅಜ್ಜಿ. ನನ್ನ ಕೈ ಬಿಟ್ಟು ಮುಂದೆ ಬಂದಳು. "ನಾನೇ ಹೇಳ್ದೆ. ಇವಳಿಗಿ ಅಂಜಿ." ಅವಳ ಬೆರಳು ದೊಡ್ಡಜ್ಜಿಯ ಕಡೆ ಇತ್ತು. "ದತ್ತು ಅಂದ್ರ ನಗ್ತಿದ್ಳು."

"ನಗ್ತಿದ್ದೆ," ಅಂದಳು ದೊಡ್ಡಜ್ಜಿ, ಸ್ವಲ್ಪವೂ ಯೋಚಿಸದೆ. "ಖರೆ ಮಾತು. ನಗ್ತಿದ್ದೆ, ಊರಿಗೆಲ್ಲ ಹೇಳ್ತಿದ್ದೆ. ಅದಕ್ಕ ನೀ ನನ್ನ ಕೈಲಿ ಇಷ್ಟು ಹೋಳಿಗಿ ಮಾಡಸೂದಾ? ನನ್ನ ರಟ್ಟಿ ನೋಡು, ಬಿದ್ದು ಹೋಗ್ಯಾವ!"

ಹಿಂದಿನಿಂದ ಲತಾ ಚಿಗವ್ವ ಮೆಲ್ಲಗೆ, "ಯಾರ ಕೂಸೋ, ಯಾವ ಜಾತಿಯೋ..." ಅಂದಳು.

ಅಜ್ಜಿ ಗರ್ರನೆ ತಿರುಗಿದಳು. "ಹುಟ್ಟಿದಾಗ ನೀ ಏನು ಕೊಳ್ಳಾಗ ಕಟಗೊಂಡು ಬಂದಿದ್ದೇನು? ಅಯ್ಯನವರು ಬಂದು ಲಿಂಗ ಕಟ್ಟಿದ್ರು, ಅವತ್ತಿನಿಂದ ನಮ್ಮಾಕಿ ಆದಿ. ಅದಕ್ಕೂ ಕಟ್ತಾರ."

ಲತಾ ಚಿಗವ್ವ ಬಟ್ಟಲಿನ ಮುಚ್ಚಳ ಸರಿಮಾಡುವುದರಲ್ಲಿ ತೊಡಗಿದಳು.

ಮೃದುಲಾ ಮೇಡಂ ಕೂತರು, ಆದರೆ ಮುಖ ಸಡಿಲವಾಗಲಿಲ್ಲ. ಅಜ್ಜಿಯನ್ನು ಎದುರಿಗೆ ಕೂಡಿಸಿಕೊಂಡರು. "ಪಾರ್ವತಿಬಾಯಿ, ನಾಳೆ ಆ ಹುಡುಗಿ ನಿಮ್ಮ ತೊಡೆಯ ಮೇಲೆ ಕೂತು, ಅಜ್ಜಿ, ನಾನು ಎಲ್ಲಿಂದ ಬಂದೆ ಅಂತ ಕೇಳಿದರೆ ಏನು ಹೇಳುತ್ತೀರಿ?"

ನನ್ನ ಅಜ್ಜಿ. ಮಾವಿನಹಣ್ಣು, ಪೆಟ್ಟಿಗೆ, ಕುಂಬಳಕಾಯಿಯ ಅಜ್ಜಿ. ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು.

"ಗೊತ್ತಿಲ್ರಿ," ಅಂದಳು ಕೊನೆಗೆ. "ಮಾಡಿ ಹೇಳೂ ಕಥಿ ನೂರು ಬರ್ತಾವ. ಇದು ಹ್ಯಾಂಗ ಹೇಳೂದು ಗೊತ್ತಿಲ್ಲ. ನೀವು ಕಲಸ್ರಿ. ಆದ್ರ ನನ್ನ ತಪ್ಪಿಗಿ ಈಕಿ ಉಡಿ ಖಾಲಿ ಇಡಬ್ಯಾಡ್ರಿ."

ಕಾಕು ನೆಲದ ಮೇಲೆ ಬಿದ್ದ ಉತ್ತತ್ತಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಮೇಡಂ ಬಹಳ ಹೊತ್ತು ಕನ್ನಡಕ ಒರೆಸಿದರು. "ಇವತ್ತು ನಾನು ಹೂಂ ಅನ್ನುವುದಿಲ್ಲ," ಅಂದರು. "ಸುಳ್ಳನ್ನು ಯಾರ್ಯಾರಿಗೆ ಹಂಚಿದ್ದೀರೋ ಅವರೆಲ್ಲರಿಂದ ನೀವೇ ವಾಪಸ್ ತಗೊಳ್ಳಬೇಕು ಪಾರ್ವತಿಬಾಯಿ. ಸೊಸೆಯಲ್ಲ, ಮಗನಲ್ಲ, ನೀವು. ಮೊಣಕಾಲು ನೋಯಲಿ ಬಿಡಲಿ, ಮುಂದಿನ ಸಭೆಗೆ ಬರಬೇಕು. ಆಮೇಲೆ ನಾನು ಇನ್ನೊಮ್ಮೆ ಬರುತ್ತೇನೆ. ಹೇಳದೆ ಬರುತ್ತೇನೆ."

"ಮತ್ತ ಈ ಕುಬಸ?" ಅಂದಳು ದೊಡ್ಡಜ್ಜಿ. "ಹಸಿರು ಸೀರಿ ಉಡಿಸಿ ಅರ್ಧಕ್ಕ ಬಿಡ್ಲಕ ಬರಂಗಿಲ್ಲ. ಕೂಸು ಹೊಟ್ಟ್ಯಾಗ ಇದ್ರೇನು, ಔರಂಗಾಬಾದದಾಗ ಇದ್ರೇನು? ಕಾಯ್ಲತ್ತಾಳೋ ಇಲ್ಲೋ ಈಕಿ? ಕೂಡು ವನಜಾ. ಇನ್ನೊಂದು ಕೈ ಕೊಡು."

ಕಾಕು ಕೂತಳು. ಬಳೆ ತೊಡಿಸುವಾಗ ಅಳುತ್ತಿದ್ದಳು. ಬಳೆ ಬಿಗಿಯಾಗಿದ್ದವು ಅಂತ ಆಮೇಲೆ ಹೇಳಿದಳು. ಲತಾ ಚಿಗವ್ವ ಬಟ್ಟಲುಗಳನ್ನು ಮತ್ತೆ ಮುಂದೆ ತಳ್ಳಿದಾಗ ಅಳುವಿನ ನಡುವೆಯೇ, "ಅದು ಆರಿಸಿ ಆಗ್ಯಾದ ಲತಕ್ಕ. ಹೆಣ್ಣೇ ಬೇಕು ಅಂತ ಮೊದ್ಲೇ ಹೇಳಿ ಬಂದೀವಿ," ಅಂದಳು. ಮೃದುಲಾ ಮೇಡಂ "ಒಂದೇ ಸಾಕು" ಅನ್ನುತ್ತ ಮೂರು ಹೋಳಿಗೆ ತಿಂದರು. ನಗಲಿಲ್ಲ, ಆದರೆ ತುಪ್ಪ ಮಾತ್ರ ಕೇಳಿ ಹಾಕಿಸಿಕೊಂಡರು.

ಮರುದಿನದಿಂದ ಅಜ್ಜಿಯ ವ್ರತ ಶುರುವಾಯಿತು. ಉದಗೀರದ ಬೀಗರಿಗೆ, ಬೀದರದಲ್ಲಿ ನನ್ನ ಅವ್ವನಿಗೆ, ಮಠದ ಅಯ್ಯನವರಿಗೆ, ಭಾಲ್ಕಿಯಲ್ಲಿ ದೊಡ್ಡಜ್ಜಿಯ ಹಾಲಿನವಳಿಗೆ ಕೂಡ. "ಪಾರ್ವತಿಬಾಯಿ ಮಾತಾಡ್ಲತ್ತೀನಿ. ವನಜಾ ಬಸುರಿ ಅಂತ ಹೇಳಿದ್ದು ನಾನು ಮಾಡಿದ ಸುಳ್ಳು. ದತ್ತು ತಗೊಳ್ಳತ್ತೀವಿ." ಮೊದಮೊದಲು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಇಲಿ ಕಡಿದ ಹಾಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ನಾಲ್ಕಾರು ಫೋನ್ ಆದ ಮೇಲೆ ಹಾಲಿಗೆ ಬಂದಳು. ಆಮೇಲೆ ಕುರ್ಚಿ ಹಾಕಿಕೊಂಡಳು. ವಾರ ಕಳೆಯುವುದರೊಳಗೆ ಸಂಸ್ಥೆ ಹೇಗಿದೆ, ಮೇಡಂ ಎಂಥ ಕಟ್ಟುನಿಟ್ಟು, ಕೌದಿ ಎಷ್ಟು ದುಂಡಗಿತ್ತು ಎಲ್ಲ ಸೇರಿಕೊಂಡವು. ಒಂದೇ ಫರಕು ಅಂದರೆ, ಈಗ ಅದರಲ್ಲಿ ಇರದೆ ಇದ್ದ ಸೈಕಲ್ ಇರಲಿಲ್ಲ.

ಔರಂಗಾಬಾದದ ಸಭೆಗೂ ಬಂದಳು. ಮೆಟ್ಟಿಲು ಹತ್ತುತ್ತ ಪ್ರತಿ ಮೆಟ್ಟಿಲಿಗೂ ನಮ್ಮನ್ನು ಬೈದಳು. ಒಳಗೆ ಕೂತ ಮೇಲೆ ಬಾಯಿ ಬಿಡದೆ ಕೇಳಿದಳು. ಬರುವಾಗ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. "ಏನು ಅಜ್ಜಿ, ಜಪ?" ಅಂದೆ. "ಸುಮ್ಕಿರು. ಕಥಿ ಕೂಡಸ್ಲತ್ತೀನಿ. ಏನೂ ಸೇರಸದೇ ಹೇಳೂದು ಭಾಳ ತ್ರಾಸಿನ ಕೆಲಸ ಅದ," ಅಂದಳು.

ಮೃದುಲಾ ಮೇಡಂ ನಿಜವಾಗಿಯೂ ಹೇಳದೆ ಬಂದರು. ಟೌನ್‌ಶಿಪ್ಪಿನ ಗೇಟಿನಲ್ಲಿ ಬಾಲವಾಡಿಯ ಒಂದು ಪುಟ್ಟ ಹುಡುಗಿಯನ್ನು ನಿಲ್ಲಿಸಿ, ವನಜಾ ಟೀಚರ್ ಮನೆ ಯಾವುದು ಅಂತ ಕೇಳಿದರಂತೆ. ಆ ಹುಡುಗಿ ಮನೆ ತೋರಿಸುವ ಮೊದಲೇ, "ಟೀಚರಿಗೆ ಔರಂಗಾಬಾದದಿಂದ ಪಾಪು ಬರುತ್ತೆ. ಆದರೆ ಒಬ್ಬ ಬಾಯಿ ಇನ್ನೂ ಹೂಂ ಅಂದಿಲ್ಲ," ಅಂದಿತಂತೆ. ಮೇಡಂ ಒಳಗೆ ಬಂದು ಇದನ್ನು ಹೇಳುವಾಗ ನಗುವನ್ನು ತಡೆಯಲು ಬಹಳ ಪ್ರಯತ್ನಪಟ್ಟರು. "ಇನ್ನು ಈ ಟೌನ್‌ಶಿಪ್ಪಿನಲ್ಲಿ ಗೊತ್ತಿಲ್ಲದವರು ಯಾರಾದರೂ ಇದ್ದಾರೆಯೇ ಪಾರ್ವತಿಬಾಯಿ?"

"ಪೋಸ್ಟಮನ್ ಹೊಸಬಾ ಬಂದಾನ್ರಿ," ಅಂದಳು ಅಜ್ಜಿ. "ಇವತ್ತು ಹೇಳ್ತೀನಿ."

ಮೇಡಂ ಹೂಂ ಅಂದರು.

ಕರೆತರುವ ದಿನ ಎಲ್ಲರೂ ಹೋದೆವು. ಕಾಕಾ ಟ್ಯಾಕ್ಸಿ ಮಾಡೋಣ ಅಂದಿದ್ದ. ಕಾರಿನಲ್ಲಿ ಕೂತರೆ ಅಜ್ಜಿಗೆ ವಾಂತಿ, ಹಾಗಾಗಿ ಎಸ್.ಟಿ. ಬಸ್. ಕೂಸು ವರ್ಷ ತುಂಬದ ಹುಡುಗಿ, ಗುಂಗುರು ಕೂದಲು, ಎರಡೇ ಹಲ್ಲು. ಸಂಸ್ಥೆಯ ಆಯಾ ಅದನ್ನು ಕಾಕುವಿನ ಕೈಗೆ ಕೊಟ್ಟ ಕ್ಷಣ ಕೂಸು ಕಾಕುವಿನ ಮುಖ ನೋಡಿತು, ಕಾಕಾನ ಮೀಸೆ ನೋಡಿತು, ಬಾಯಿ ತೆರೆಯಿತು. ಅಂಥ ದನಿಯನ್ನು ನಾನು ಕಾರ್ಖಾನೆಯ ಸೈರನ್ನಿನಲ್ಲೂ ಕೇಳಿರಲಿಲ್ಲ.

ಮೃದುಲಾ ಮೇಡಂ ಗೇಟಿನವರೆಗೆ ಬಂದರು. "ಅಳುತ್ತಾಳೆ. ಅಳಬೇಕು. ಗೊತ್ತಿದ್ದ ಮುಖಗಳನ್ನೆಲ್ಲ ಇವತ್ತು ಬಿಟ್ಟು ಬರುತ್ತಿದ್ದಾಳೆ. ಸುಮ್ಮನಾಗಿಸುವ ಅವಸರ ಬೇಡ, ಎತ್ತಿಕೊಂಡಿರಿ, ಅಷ್ಟೇ. ಅವಳು ಹೊದೆಯುವ ಈ ಹಳೇ ದುಪಟಿಯನ್ನು ಕೆಲವು ದಿನ ಒಗೆಯಬೇಡಿ. ಅವಳಿಗೆ ಗುರುತಿರುವ ವಾಸನೆ ಇದೊಂದೇ. ಯಾವ ಹೊತ್ತಿಗಾದರೂ ಫೋನ್ ಮಾಡಿ." ಕಾಕಾನ ಕಡೆ ತಿರುಗಿ, "ಬಿಗಿಯಾಗಿ ಅಲ್ಲ," ಅಂದರು.

ಬಸ್ಸು ವೈಜಾಪುರ ದಾಟಿತು. ಕೂಸು ಅಳುತ್ತಲೇ ಇತ್ತು. ಕಾಕಾ ಚಿಟಿಕೆ ಹೊಡೆದ, ವಿಮಾನದ ಸದ್ದು ಮಾಡಿದ. ಅದು ಇನ್ನೂ ಜೋರಾಯಿತು. ಅಜ್ಜಿ ಕಿಟಕಿಯಿಂದ ಕಬ್ಬಿನ ಗಾಡಿ ತೋರಿಸಿದಳು. ಅದಕ್ಕೆ ಕಬ್ಬು ಬೇಡವಾಗಿತ್ತು. ನಿದ್ದೆಯಲ್ಲಿದ್ದ ಬಸ್ಸೆಲ್ಲ ಎದ್ದು ಕೂತಿತು. ಮುಂದಿನ ಸೀಟಿನ ಟೋಪಿಯ ಮುದುಕರೊಬ್ಬರು ಕೊನೆಗೆ ಎದ್ದು ನಿಂತು, ಹಿಂದೆ ತಿರುಗಿ, ಸಿಟ್ಟಿನಿಂದ ಮರಾಠಿಯಲ್ಲಿ ಕೂಗಿದರು. "ಯಾರ ಕೂಸು ರೀ ಇದು?"

ಕಾಕು ಎದ್ದು ನಿಂತಳು. ಓಲಾಡುವ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಕೂಸನ್ನು ಅಪ್ಪಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ನಂದು!" ಅಂದಳು.

"ಮತ್ತೆ ಯಾಕೆ ಹೀಗೆ ಅಳುತ್ತಿದೆ?"

"ಗೊತ್ತಿಲ್ಲ ಅಜ್ಜಾ," ಅಂದಳು ಕಾಕು. "ನಮ್ಮಿಬ್ಬರದು ಇವತ್ತೇ ಗುರುತಾಗಿದೆ."

ಮುದುಕರಿಗೆ ತಿಳಿಯಲಿಲ್ಲ. ಅಷ್ಟೇ ಸಾಕಾಗಿತ್ತು, ಅಜ್ಜಿ ಸೀಟಿನ ಮೇಲೆ ಮೊಣಕೈ ಊರಿ ಮುಂದೆ ಬಾಗಿದಳು. ಬಸ್ಸು ಯೇವಲಾ ಮುಟ್ಟುವ ಹೊತ್ತಿಗೆ ಡ್ರೈವರಿಗೂ ಎಲ್ಲ ಗೊತ್ತಾಗಿತ್ತು. ಒಬ್ಬಳು ಅಜವಾನದ ನೀರು ಕೊಡಿ ಅಂದಳು, ಇನ್ನೊಬ್ಬಳು ಅದೆಲ್ಲ ಬೇಡ, ಹಲ್ಲು ಬರುತ್ತಿದೆ ಅಂದಳು, ಕಂಡಕ್ಟರ್ ಕಿಟಕಿ ಮುಚ್ಚಿಸಿದ, ಟೋಪಿಯ ಮುದುಕರು ಸಂಚಿಯಿಂದ ಬಾಳೆಹಣ್ಣು ತೆಗೆದು ತುದಿ ಮುರಿದು ಚಾಚಿದರು.

ಕೂಸು ಬಾಳೆಹಣ್ಣನ್ನು ನೋಡಿತು. ಬಿಕ್ಕುತ್ತ ಬಿಕ್ಕುತ್ತ ಅದನ್ನು ಕೈಯಲ್ಲಿ ಹಿಸುಕಿ, ಕಾಕುವಿನ ಕೊರಳಿಗೆಲ್ಲ ಮೆತ್ತಿ, ಮತ್ತೆ ಅಳಲು ಶುರು ಮಾಡಿತು. ಕಾಕು ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.